ಸೂಪರ್‌ಮ್ಯಾನ್‌ನ ಅಪ್ಪ ಅಮ್ಮ ಮತ್ತು ಮೂಡುಬಿದಿರೆಯ ಭರತ

2025ರ ಜುಲೈಯಲ್ಲಿ ಬಂದ 'ಸೂಪರ್‌ಮ್ಯಾನ್' ನೋಡಿ ಬಂದ ರಾತ್ರಿ ತೋಡಾರಿನ ನಮ್ಮ ರೂಮಲ್ಲಿ ಯಾರೂ ಬೇಗ ಮಲಗಲಿಲ್ಲ. ಕಾರಣ ಒಂದೇ ಸೀನ್. ಕ್ರಿಪ್ಟಾನ್ ಗ್ರಹದ ಅಪ್ಪ ಅಮ್ಮ ಮಗುವನ್ನು ಭೂಮಿಗೆ ಕಳಿಸಿದ್ದು ಜನರ ಒಳ್ಳೆಯದಕ್ಕೆ ಅಂತ ನಾವು ನಂಬಿದ್ದೆವು. ಇದರಲ್ಲಿ ಅವರ ಸಂದೇಶದ ಉಳಿದರ್ಧ ಸಿಕ್ಕಾಗ ನೋಡಿದ್ರೆ, ಅಲ್ಲಿಯವರನ್ನು ಆಳು ಅಂತ ಇದೆ! ಎಷ್ಟೋ ಅಭಿಮಾನಿಗಳಿಗೆ ಸಿಟ್ಟು ಬಂತು. ನಮ್ಮಲ್ಲೂ ಇಬ್ಬರಿಗೆ.

ಆದರೆ "ಒರಿಜಿನಲ್ ಹಾಳು ಮಾಡಿದ್ರು" ಅನ್ನುವಾಗ ಯಾವ ಒರಿಜಿನಲ್? 1938ರ ಆಕ್ಷನ್ ಕಾಮಿಕ್ಸ್‌ನ ಸೂಪರ್‌ಮ್ಯಾನ್‌ಗೆ ಹಾರಲಿಕ್ಕೇ ಬರ್ತಿರಲಿಲ್ಲ. ಮೈಲಿಯ ಎಂಟನೇ ಒಂದು ಭಾಗ, ಸುಮಾರು 200 ಮೀಟರ್, ಜಿಗಿಯುತ್ತಿದ್ದ ಅಷ್ಟೆ. 1986ರಲ್ಲಿ ಜಾನ್ ಬರ್ನ್ ಅವನ ಸೂಪರ್‌ಬಾಯ್ ದಿನಗಳನ್ನೇ ಅಳಿಸಿ, ತೀರಿಹೋಗಿದ್ದ ಸಾಕು ಅಪ್ಪ ಅಮ್ಮನನ್ನು ಬದುಕಿಸಿದರು.

ಇಂಥದ್ದೇ ಜಗಳ ಪಕ್ಕದ ಮೂಡುಬಿದಿರೆಯಲ್ಲಿ 16ನೇ ಶತಮಾನದಲ್ಲೇ ನಡೆದಿತ್ತಂತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇದು ಗೊತ್ತಾದದ್ದು ಸಂಘದಲ್ಲಿ ರತ್ನಾಕರವರ್ಣಿಯ 'ಭರತೇಶ ವೈಭವ' ತೆರೆದಾಗ. (ಬಾಹುಬಲಿ ಅಂದ್ರೆ ಪ್ರಭಾಸ್ ಅಂದುಕೊಂಡಿದ್ದವರೂ ನಮ್ಮಲ್ಲಿದ್ದರು. ಹೆಸರು ಬೇಡ.)

10ನೇ ಶತಮಾನದಲ್ಲಿ ಪಂಪ 'ಆದಿಪುರಾಣ'ದಲ್ಲಿ ಹೇಳಿದ ಕಥೆ ಹೀಗೆ: ಭರತ, ಬಾಹುಬಲಿ ಅಣ್ಣತಮ್ಮಂದಿರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ತಮ್ಮನೇ ಗೆಲ್ತಾನೆ. ಸೋತ ಅಣ್ಣ ಸಿಟ್ಟಲ್ಲಿ ಚಕ್ರ ಬಿಡ್ತಾನೆ, ಅದು ಬಾಹುಬಲಿಗೆ ಏನೂ ಮಾಡುವುದಿಲ್ಲ. ಗೆದ್ದ ರಾಜ್ಯ ಬೇಡ ಅಂತ ಬಾಹುಬಲಿ ತಪಸ್ಸಿಗೆ ಹೊರಡುತ್ತಾನೆ. ರತ್ನಾಕರವರ್ಣಿ ಈ ಯುದ್ಧವನ್ನೇ ತೆಗೆದುಬಿಟ್ಟ. ಅವನ ಭರತ ಮೃದುವಾದ ಮಾತಿನಿಂದಲೇ ತಮ್ಮನ ಮನಸ್ಸು ಕರಗಿಸುತ್ತಾನೆ. ಯಾಕೆ ಅಂದ್ರೆ ಅವನ ಕಾವ್ಯದ ಹೀರೋ ಭರತ. ಭೋಗದ ನಡುವೆ ಇದ್ದೂ ಯೋಗಿಯ ಹಾಗೆ ಬದುಕುವವನು. ಅಂಥವನ ಕೈಯಲ್ಲಿ ತಮ್ಮನ ಮೇಲೆ ಚಕ್ರ ಬಿಡಿಸುವುದು ಹೇಗೆ?

ಓದುಗರು ಸುಮ್ಮನಿರಲಿಲ್ಲ. 19ನೇ ಶತಮಾನದ ದೇವಚಂದ್ರ 'ರಾಜಾವಳಿ ಕಥೆ'ಯಲ್ಲಿ ಹೇಳುವ ಪ್ರಕಾರ, ತನ್ನ ಕಾವ್ಯವನ್ನೂ ಆನೆಯ ಮೇಲೆ ಮೆರವಣಿಗೆ ಮಾಡಿ ಅಂತ ರತ್ನಾಕರ ಕೇಳಿದ. ಎರಡು ಮೂರು ಪದ್ಯ ಶಾಸ್ತ್ರಕ್ಕೆ ವಿರುದ್ಧ ಇದೆ, ಆಗುವುದಿಲ್ಲ ಅಂದರು ಭಟ್ಟಾರಕರು. ಜಗಳ ಬೆಳೆದು ಅವನಿಗೆ ಊರಲ್ಲಿ ಭಿಕ್ಷೆಯೂ ನಿಂತಿತು. ಸಿಟ್ಟಿನಿಂದ ವೀರಶೈವನಾದ, ಆಮೇಲೆ ತಿರುಗಿ ಬಂದ. ದೇವಚಂದ್ರ ಬರೆದದ್ದು ಸುಮಾರು ಮುನ್ನೂರು ವರ್ಷದ ನಂತರ, ಹಾಗಾಗಿ ಎಲ್ಲವನ್ನೂ ಚರಿತ್ರೆ ಅಂತ ತಗೊಳ್ಳಲಿಕ್ಕಾಗುವುದಿಲ್ಲ.

ನಾವು ಮೊದಲು ಪೂರ್ತಿ ರತ್ನಾಕರನ ಪಾರ್ಟಿ. ಆದರೆ ಕಾರ್ಕಳದ ರೂಮ್‌ಮೇಟ್ ಒಂದು ಮಾತು ಹೇಳಿದ. ಅವನು 1432ರ ಆ 42 ಅಡಿಯ ಬಾಹುಬಲಿಯನ್ನು ನೋಡಿಕೊಂಡೇ ಬೆಳೆದವನು. "ಅಲ್ಲ ಮಾರಾಯ, ಬಾಹುಬಲಿ ಗೆಲ್ಲದಿದ್ರೆ ಮತ್ತೆ ಅವ ಬಿಟ್ಟದ್ದು ಎಂತ?"

ಇದಕ್ಕೆ ನಮ್ಮ ಹತ್ರ ಉತ್ತರ ಇರಲಿಲ್ಲ. ಅಣ್ಣನ ತಪ್ಪು ಅಳಿಸಿದರೆ ತಮ್ಮನ ತ್ಯಾಗದ ತೂಕವೂ ಕಡಿಮೆ ಆಗ್ತದೆ. ಸಿನಿಮಾ ನೋಡಿ ಸಿಟ್ಟಾದ ಇಬ್ಬರೂ ಹೇಳಿದ್ದು ಅದನ್ನೇ ಇರಬೇಕು: ಮಗನನ್ನು ದೊಡ್ಡವನು ಮಾಡಲಿಕ್ಕೆ ಹೋಗಿ ಅಪ್ಪ ಅಮ್ಮನನ್ನು ಸಣ್ಣವರು ಮಾಡಿದ್ರು ಅಂತ.

'ಭರತೇಶ ವೈಭವ' ಬಂದ ಮೇಲೂ, 1604ರಲ್ಲಿ, ವೇಣೂರಲ್ಲಿ ಎದ್ದು ನಿಂತದ್ದು ಬಾಹುಬಲಿಯೇ. ರೂಮ್‌ಮೇಟ್‌ಗೆ ಅದೇ ಸಾಕ್ಷಿ. ಆದ್ರೆ ರತ್ನಾಕರನನ್ನೂ ಜನ ಬಿಟ್ಟಿಲ್ಲವಲ್ಲ, ನಾವೇ ಓದ್ತಾ ಇದ್ದೇವಲ್ಲ ಅಂತ ನಾವು. ಇನ್ನೂ ಮುಗಿದಿಲ್ಲ.