ಬಂದರೆ, ಬಂದಿದ್ದರೆ

ಶಿರಸಿ

ಚಿ. ಪುಟ್ಟಿ, ಚಾಲಿ ಅಡಿಕೆ ಇನ್ನೂ ಅಂಗಳದಲ್ಲೇ ಇದೆ, ಒಂದೆರಡು ವಾರದ ಬಿಸಿಲು ಬೇಕು. ನಿನ್ನ ದೊಡ್ಡಮ್ಮ ದಿನಕ್ಕೆ ನಾಲ್ಕು ಸಲ ಹೊರಗೆ ಬಂದು ಆಕಾಶ ನೋಡಿ ಹೋಗುತ್ತಾಳೆ.

ನಿನ್ನ ಕಾಗದ ಸೋಮವಾರ ತಲುಪಿತು. ಸಂದರ್ಶನದಲ್ಲಿ ಕೆಲಸ ಕೈತಪ್ಪಿದ್ದನ್ನು ಓದಿ ನನಗೂ ಸಂಕಟವಾಯಿತು. ಕಾಗದವನ್ನೆಲ್ಲ ಕನ್ನಡದಲ್ಲಿ ಬರೆದವಳು ಕೊನೆಯ ಸಾಲನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದಿದ್ದೀಯ: ‘ಇಫ್ ಐ ವುಡ್ ಹ್ಯಾವ್ ಸ್ಟಡೀಡ್ ಇನ್ ಇಂಗ್ಲಿಷ್ ಮೀಡಿಯಂ, ಐ ವುಡ್ ಹ್ಯಾವ್ ಗಾಟ್ ದ ಜಾಬ್.’ ಈ ಒಂದು ಸಾಲಿಗಾಗಿ ಇಷ್ಟುದ್ದ ಬರೆಯಲು ಕೂತಿದ್ದೇನೆ. ಅದರಲ್ಲಿ ವ್ಯಾಕರಣದ ಒಂದು ತಪ್ಪಿದೆ, ಕನ್ನಡದ ಮೇಲೆ ಒಂದು ದೂರಿದೆ. ತಪ್ಪನ್ನು ತಿದ್ದುತ್ತೇನೆ. ದೂರನ್ನು ಒಪ್ಪುವುದಿಲ್ಲ. ಆ ಹೊತ್ತಿನಲ್ಲಿ ನೀನು ಕನ್ನಡವನ್ನು ನಂಬಿದ್ದರೆ ಆ ತಪ್ಪು ಆಗುತ್ತಲೇ ಇರಲಿಲ್ಲ.

ಅದೇ ಮಾತನ್ನು ಕನ್ನಡದಲ್ಲಿ ಹೇಳಿ ನೋಡು. ‘ಓದಿದ್ದರೆ ಕೆಲಸ ಸಿಗುತ್ತಿತ್ತು.’ ಷರತ್ತಿಗೆ ‘ಓದಿದ್ದರೆ’ ಎಂಬ ಒಂದು ರೂಪ, ಫಲಕ್ಕೆ ‘ಸಿಗುತ್ತಿತ್ತು’ ಎಂಬ ಬೇರೆಯೇ ರೂಪ. ಇಂಗ್ಲಿಷಿನಲ್ಲೂ ಹಾಗೆಯೇ. ಷರತ್ತಿಗೆ ‘ಇಫ್ ಐ ಹ್ಯಾಡ್ ಸ್ಟಡೀಡ್’, ಫಲಕ್ಕೆ ‘ಐ ವುಡ್ ಹ್ಯಾವ್ ಗಾಟ್’. ಓದಿ ಇದ್ದರೆ ಎಂಬಲ್ಲಿ ‘ಇದ್ದ’ ಮಾಡುವ ಕೆಲಸವನ್ನೇ ಅಲ್ಲಿ ‘ಹ್ಯಾಡ್’ ಮಾಡುತ್ತದೆ. ನೀನು ‘ವುಡ್’ ಅನ್ನು ಎರಡೂ ಕಡೆ ಹಾಕಿಬಿಟ್ಟೆ. ಅಮೆರಿಕದಲ್ಲಿ ಮಾತಿನಲ್ಲಿ ಹೀಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಬರವಣಿಗೆಯಲ್ಲಿ ಇದನ್ನು ತಪ್ಪೆಂದೇ ಎಣಿಸುತ್ತಾರೆ. ನಾನು ಹೇಳುವುದಿಷ್ಟೇ, ಈ ತಪ್ಪು ಕನ್ನಡದಿಂದ ಬಂದದ್ದಲ್ಲ.

ನಾನು 32 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು. ಮೊದಲ ಕೆಲವು ವರ್ಷ ಬೋರ್ಡಿನ ಮೇಲೆ ಷರತ್ತಿನ ವಾಕ್ಯಗಳ ಕೋಷ್ಟಕ ಹಾಕಿ, ಟೈಪ್ ಒನ್, ಟೈಪ್ ಟೂ, ಟೈಪ್ ತ್ರೀ ಎಂದು ಮಕ್ಕಳಿಂದ ಉರು ಹೊಡೆಸುತ್ತಿದ್ದೆ. ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಿದ್ದರು, ಹೊರಗೆ ಬಂದ ಮೇಲೆ ಮರೆಯುತ್ತಿದ್ದರು. ಒಂದು ದಿನ ಹತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: ‘ಸರ್, ಇಫ್ ಇಟ್ ರೇನ್ಸ್ ಟುಮಾರೋ ಅಂತೀರಿ. ನಾಳೆ ಅಂದ ಮೇಲೆ ವಿಲ್ ಬರಬೇಕಲ್ಲ, ಯಾಕಿಲ್ಲ?’ ರೂಲು ಹಾಗಿದೆ, ಕೂತ್ಕೋ ಎಂದೆ. ಅವನು ಕೂತ. ಅವನ ಮುಖ ಮಾತ್ರ ನನ್ನನ್ನು ಮನೆಯವರೆಗೂ ಬಿಡಲಿಲ್ಲ. ಕೇಳಬೇಕಾದ್ದನ್ನೇ ಕೇಳಿದ ಹುಡುಗನಿಗೆ ನಾನು ಉತ್ತರ ಕೊಟ್ಟಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಅಮ್ಮ, ಅಂದರೆ ನಿನ್ನ ಅಜ್ಜಿ, ‘ನಾಳೆ ಆಳು ಬಂದರೆ ಕೊಟ್ಟಿಗೆಯ ಮಾಡು ಹೊದೆಸಬೇಕು’ ಎಂದಳು. ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ನಾಳೆಯ ಮಾತು, ಆದರೂ ‘ಬಂದರೆ’! ಬಂದ ಎನ್ನುವುದು ಭೂತಕಾಲ ತಾನೇ? ಬಂದನು, ಬಂದಳು, ಬಂದರೆ. ಹೋದನು, ಹೋದರೆ. ತಿಂದನು, ತಿಂದರೆ. ನಾಳೆಯ ಷರತ್ತನ್ನು ಕನ್ನಡ ಭೂತಕಾಲದ ರೂಪದ ಮೇಲೆ ಕಟ್ಟುತ್ತದೆ, ಇಂಗ್ಲಿಷ್ ವರ್ತಮಾನದ ಮೇಲೆ ಕಟ್ಟುತ್ತದೆ. ಎರಡೂ ಭವಿಷ್ಯತ್ತನ್ನು ಷರತ್ತಿನೊಳಗೆ ಬಿಟ್ಟುಕೊಳ್ಳುವುದಿಲ್ಲ, ಫಲದ ಭಾಗಕ್ಕೆ ಮೀಸಲಿಡುತ್ತವೆ. ಹೀಗೆ ಭೂತಕಾಲದ ಮೇಲೆ ಕಟ್ಟುವುದು ಇವತ್ತಿನ ಕನ್ನಡದ ರೂಢಿಯಷ್ಟೇ ಅಲ್ಲ. ಹಳಗನ್ನಡದ ‘ಬಂದೊಡೆ’, ವಚನಗಳ ‘ಬಂದಡೆ’, ನಮ್ಮ ‘ಬಂದರೆ’ ಎಲ್ಲವೂ ಅದೇ ‘ಬಂದ’ದ ಮೇಲೆ ನಿಂತವು. ಮರುದಿನ ಆ ಹುಡುಗನನ್ನು ಎಬ್ಬಿಸಿ, ನಿನ್ನ ಪ್ರಶ್ನೆಗೆ ಉತ್ತರ ನಿನ್ನ ಬಾಯಲ್ಲೇ ಇದೆ ಎಂದು ಇಡೀ ತರಗತಿಗೆ ಹೇಳಿದೆ. ಕೋಷ್ಟಕವನ್ನು ಅಂದೇ ಬಿಟ್ಟೆ.

ಈಗ ನಮ್ಮ ಅಂಗಳಕ್ಕೆ ಬಾ. ‘ಅಡಿಕೆ ನೆನೆದರೆ ಬೂಸ್ಟು ಹಿಡಿಯುತ್ತದೆ.’ ಇದು ಯಾವತ್ತಿಗೂ ನಿಜ, ಹಾಗಾಗಿ ಇಂಗ್ಲಿಷಿನಲ್ಲಿ ಎರಡೂ ಕಡೆ ವರ್ತಮಾನವೇ ಸಾಕು. ‘ಈ ಸಂಜೆ ಮಳೆ ಬಂದರೆ ಅಡಿಕೆ ನೆನೆಯುತ್ತದೆ.’ ಮೋಡ ಕಟ್ಟಿದೆ, ಬಂದರೂ ಬರಬಹುದು. ‘ಇಫ್ ಇಟ್ ರೇನ್ಸ್ ದಿಸ್ ಈವ್ನಿಂಗ್, ದ ನಟ್ಸ್ ವಿಲ್ ಗೆಟ್ ವೆಟ್.’ ಇನ್ನು ಆಕಾಶ ಬೆಳ್ಳಗೆ ಕಾದಿದೆ, ಒಂದು ತುಣುಕು ಮೋಡವಿಲ್ಲ ಎಂದುಕೋ. ಆಗ ದೊಡ್ಡಮ್ಮ ‘ಮಳೆ ಗಿಳೆ ಏನಾದರೂ ಬಂದುಬಿಟ್ಟರೆ’ ಎನ್ನುತ್ತಾಳೆ. ಆ ‘ಗಿಳೆ’, ‘ಏನಾದರೂ’, ‘ಬಿಟ್ಟರೆ’ ಇವೆಲ್ಲ ಯಾಕೆ ಬಂದವು? ಆಗಲಿಕ್ಕಿಲ್ಲ ಎಂಬ ಭಾವವನ್ನು ಹೊರಲು. ಇಂಗ್ಲಿಷಿನಲ್ಲಿ ಆ ಭಾರವನ್ನು ಕ್ರಿಯಾಪದವೊಂದೇ ಹೊರುತ್ತದೆ: ‘ಇಫ್ ಇಟ್ ರೇನ್ಡ್ ನೌ, ದ ನಟ್ಸ್ ವುಡ್ ಗೆಟ್ ವೆಟ್.’ ‘ರೇನ್ಡ್’ ಎಂದು ಕಂಡ ತಕ್ಷಣ ನಿನ್ನೆಯ ಮಳೆ ಎಂದು ತಿಳಿಯಬೇಡ. ಅಲ್ಲಿ ಭೂತಕಾಲದ ರೂಪ ಹೇಳುವುದು ಹಳೆಯ ಕಾಲವನ್ನಲ್ಲ, ನಿಜದಿಂದ ಎಷ್ಟು ದೂರ ಎಂಬುದನ್ನು. ‘ಬಂದರೆ’ಯಲ್ಲಿ ನಾಳೆಯನ್ನು ಕಂಡವಳಿಗೆ ‘ರೇನ್ಡ್’ನಲ್ಲಿ ಇವತ್ತನ್ನು ಕಾಣುವುದು ಕಷ್ಟವಲ್ಲ.

ಕನ್ನಡ ನಮ್ಮನ್ನು ನಿಜವಾಗಿ ಎಡವಿಸುವ ಜಾಗ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ‘ನನ್ನ ಹತ್ತಿರ ದುಡ್ಡಿದ್ದಿದ್ದರೆ ಕೊಡುತ್ತಿದ್ದೆ.’ ಈ ವಾಕ್ಯ ಈಗಿನದೋ, ಹೋದ ವರ್ಷದ್ದೋ? ಕನ್ನಡದಲ್ಲಿ ಎರಡೂ ಆಗಬಹುದು. ಎದುರಿಗೆ ನಿಂತು ಕೈ ಚಾಚಿದವನಿಗೂ ಇದೇ ಮಾತು, ಹೋದ ವರ್ಷ ಕೇಳಿದ್ದವನನ್ನು ನೆನೆದು ಆಡುವುದೂ ಇದೇ ಮಾತು. ಇಂಗ್ಲಿಷ್ ಇವನ್ನು ಒಡೆದು ಎರಡು ಮಾಡುತ್ತದೆ. ಈಗಿನದಾದರೆ ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್ ಇಟ್’, ಕೋಷ್ಟಕದ ಟೈಪ್ ಟೂ. ಆಗಿನದಾದರೆ ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್ ಇಟ್’, ಅದು ಟೈಪ್ ತ್ರೀ. ಎರಡು ‘ಹ್ಯಾಡ್’ ಒಟ್ಟಿಗೆ ಬಂತೆಂದು ಹೆದರಬೇಡ, ನಮ್ಮ ‘ಇದ್ದಿದ್ದರೆ’ಯಲ್ಲೂ ಎರಡು ‘ಇದ್ದ’ ಒಟ್ಟಿಗೆ ಕೂತಿವೆ. ನಮ್ಮ ಮಕ್ಕಳು ಟೈಪ್ ಟೂ, ಟೈಪ್ ತ್ರೀಗಳನ್ನು ಕಲಸಿಕೊಳ್ಳುವುದಕ್ಕೆ ದಡ್ಡತನ ಕಾರಣವಲ್ಲ, ನಮ್ಮ ಭಾಷೆ ಆ ಗೆರೆಯನ್ನು ಎಳೆಯದಿರುವುದು ಕಾರಣ. ಬಾಯಿ ತೆರೆಯುವ ಮೊದಲು ‘ಈಗಲೋ, ಆಗಲೋ’ ಎಂದು ಮನಸ್ಸಿನಲ್ಲಿ ಕೇಳಿಕೋ. ಇಷ್ಟು ಮಾಡಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ‘ಅಪ್ಪ ಬಂದರೆ ಹೇಳು’ ಎನ್ನುತ್ತೇವೆ, ಅಪ್ಪ ಬಂದೇ ಬರುತ್ತಾನೆಂದು ಗೊತ್ತಿದ್ದರೂ. ಇಂಗ್ಲಿಷಿನಲ್ಲಿ ಬರುವುದು ಖಚಿತವಾದರೆ ‘ವೆನ್’, ಅನುಮಾನವಿದ್ದರೆ ಮಾತ್ರ ‘ಇಫ್’. ‘ಅನ್‌ಲೆಸ್’ ಎಂಬುದರೊಳಗೆ ‘ಇಲ್ಲದಿದ್ದರೆ’ ಆಗಲೇ ಸೇರಿಕೊಂಡಿದೆ, ಅದರ ಹಿಂದೆ ಮತ್ತೆ ‘ನಾಟ್’ ಹಾಕಬೇಡ. ನೀನು ಬರುವುದಾದರೆ ಹೇಳು ಎಂಬಲ್ಲಿ ಇರುವುದು ಈಗಿನ ಉದ್ದೇಶ, ಹಾಗಾಗಿ ‘ಇಫ್ ಯು ಆರ್ ಕಮಿಂಗ್’. ‘ಇಫ್ ಐ ವರ್ ಯು’ ಎನ್ನುವಾಗ ‘ಐ’ ಜೊತೆ ‘ವರ್’ ಬಂದದ್ದು ಅಚ್ಚಿನ ತಪ್ಪಲ್ಲ, ಇಂಗ್ಲಿಷಿನ ಹಳೆಯ ಕ್ರಿಯಾರೂಪವೊಂದು ಅಲ್ಲಿ ಉಳಿದುಕೊಂಡಿದೆ. ಷರತ್ತು ಮೊದಲು ಬಂದರೆ ನಡುವೆ ಕಾಮಾ ಇಡು, ಆಮೇಲೆ ಬಂದರೆ ಬೇಡ.

ಬಿಡುವಾದಾಗ ಕಿಪ್ಲಿಂಗ್‌ನ ‘ಇಫ್’ ಪದ್ಯ ಓದು. ಅವನು 1865ರಲ್ಲಿ ಮುಂಬಯಿಯಲ್ಲಿ ಹುಟ್ಟಿದವನು, ಪದ್ಯ ಪುಸ್ತಕದಲ್ಲಿ ಬಂದದ್ದು 1910ರಲ್ಲಿ. ಅದರ 32 ಸಾಲುಗಳೂ ಸೇರಿ ಒಂದೇ ವಾಕ್ಯ. 30 ಸಾಲು ಬರೀ ಷರತ್ತು, ಕೊನೆಯ ಎರಡು ಸಾಲಿನಲ್ಲಿ ಫಲ. ಭವಿಷ್ಯತ್ತು ಹೇಳುವ ‘ವಿಲ್’ ಆ 30 ಸಾಲುಗಳಲ್ಲಿ ಎಲ್ಲೂ ಇಲ್ಲ, ಕೊನೆಯ ಸಾಲಿನಲ್ಲಿದೆ. ಷರತ್ತನ್ನೆಲ್ಲ ಮುಂದಿಟ್ಟು ಫಲವನ್ನು ಕೊನೆಗೆ ಹೇಳುವ ಆ ರೀತಿ ಕನ್ನಡದವರಾದ ನಮಗೆ ಹೊಸದೇನಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವವರು ನಾವು.

ಆ ಸಂದರ್ಶನದಲ್ಲಿ ನೀನು ತಡವರಿಸಿರಬಹುದು. ಕನ್ನಡದಲ್ಲಿ ಓದಿದ್ದು ಅದಕ್ಕೆ ಕಾರಣವಲ್ಲ ಕೂಸೇ. ಕನ್ನಡದಿಂದ ಇಂಗ್ಲಿಷಿಗೆ ದಾಟುವ ಸಂಕವನ್ನು ನಿನಗೆ ಯಾರೂ ತೋರಿಸಿರಲಿಲ್ಲ. ನಾನು ಇಷ್ಟು ಹತ್ತಿರದಲ್ಲಿದ್ದೂ ತೋರಿಸಲಿಲ್ಲವಲ್ಲ ಎಂಬ ನೋವು ನನಗಿದೆ. ಮುಂದಿನ ತಿಂಗಳು ಇನ್ನೊಂದು ಸಂದರ್ಶನವಿದೆ ಎಂದು ಬರೆದಿದ್ದೀಯ. ಅಷ್ಟರೊಳಗೆ ದಿನಕ್ಕೆ ಎರಡು ವಾಕ್ಯದಂತೆ ಬರೆ. ಹಾಸ್ಟೆಲಿನ ಊಟ, ಬಸ್ಸು, ನೀರು, ಪರೀಕ್ಷೆ ಯಾವುದಾದರೂ ಸರಿ. ಮೊದಲು ಕನ್ನಡದಲ್ಲಿ ಬರೆದು, ಈಗಲೋ ಆಗಲೋ ಎಂದು ಕೇಳಿಕೊಂಡು, ಆಮೇಲೆ ಕೆಳಗೆ ಇಂಗ್ಲಿಷಿನಲ್ಲಿ ಬರೆ. ವಾರಕ್ಕೊಮ್ಮೆ ನನಗೆ ಕಳಿಸು, ತಿದ್ದಿ ಮರುದಿನವೇ ಅಂಚೆಗೆ ಹಾಕುತ್ತೇನೆ. ಕೆಂಪು ಶಾಯಿಯ ಪೆನ್ನು ನನ್ನ ಹತ್ತಿರ ಇನ್ನೂ ಇದೆ.

ಇಂತಿ,
ನಿನ್ನ ದೊಡ್ಡಪ್ಪ