ಸೊಸೈಟಿ ಗೋದಾಮಿನ ಲೆಕ್ಕ ಕಂಪ್ಯೂಟರಿಗೆ ಹೋದಾಗ

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಹಿಡಿದ ಲೆಕ್ಕ 63,000 ಸಂಘ, 2,516 ಕೋಟಿ ರೂಪಾಯಿ. ದೇಶಕ್ಕೆಲ್ಲ ಒಂದೇ ಸಾಫ್ಟ್‌ವೇರ್. ದೊಡ್ಡ ಕಂಪನಿಗಳು ಗೋದಾಮು, ಮಾರಾಟ, ಹಣಕಾಸು ಎಲ್ಲ ಒಟ್ಟಿಗೆ ನಡೆಸಲು ಇಟ್ಟುಕೊಳ್ಳುವ ಜಾತಿಯದೇ ಇದು. ‘ಇ.ಆರ್.ಪಿ.’ ಅಂತಾರೆ. ಹೆಸರಿಗೆ ಹೆದರಬೇಕಾಗಿಲ್ಲ.

ನೀವು ಸಾಲದ ಮೇಲೆ 45 ಕಿಲೋದ ಎರಡು ಚೀಲ ಯೂರಿಯಾ ಒಯ್ದಿರಿ ಅನ್ನಿ. ಹಳೇ ಪದ್ಧತಿಯಲ್ಲಿ ದಾಸ್ತಾನು ಪುಸ್ತಕ, ಮಾರಾಟದ ಪುಸ್ತಕ, ನಿಮ್ಮ ಖಾತೆ, ಹೀಗೆ ಮೂರು ಕಡೆ ಬರೆಯಬೇಕು. ಒಂದು ಕಡೆ ಬಿಟ್ಟರೆ ಆಡಿಟ್ ಹೊತ್ತಿಗೆ ತಕರಾರು. ಇದರಲ್ಲಿ ಒಂದು ಸಲ ಒತ್ತಿದರೆ ಮೂರೂ ಕಡೆ ತಾನಾಗಿ ಏರುತ್ತೆ. ಅನುಕೂಲವೇ ಸರಿ. ಆದರೆ ಎರಡರ ಬದಲು ಮೂರು ಅಂತ ಒತ್ತಿದರೆ ಮೂರೂ ಕಡೆ ಮೂರೇ! ಪುಸ್ತಕಗಳೆಲ್ಲ ತಾಳೆಯಾಗುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಡಿಯಬೇಕಾದವರು ನೀವೇ. ಆದ್ದರಿಂದ ಬಿಲ್ಲನ್ನು ಅಲ್ಲೇ ಓದಿ ನೋಡಿ. ಹಳೇ ಲೆಡ್ಜರಿನಿಂದ ಕಂಪ್ಯೂಟರಿಗೆ ಏರಿಸಿದ ಬಾಕಿಯನ್ನಂತೂ ನಿಮ್ಮ ರಶೀದಿ ಹಿಡಿದು ಕೇಳಿಯೇ ತೀರಬೇಕು. ಕಟ್ಟಿದ ಸಾಲ ಕಟ್ಟಿಲ್ಲ ಅಂತ ಕೂತರೆ ಮುಂದಿನ ಸಾಲಕ್ಕೇ ಅಡ್ಡಿ.

ಗೋದಾಮಿನ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಲಿಂಗದಹಳ್ಳಿ, ಅಜ್ಜಂಪುರ ಕಡೆಯ ರಾಗಿಯನ್ನೇ ತಗೊಳ್ಳಿ. ಹಿಂದೆ ಹಗೇವಿಗೆ ಸುರಿದದ್ದಕ್ಕೆ ಹೆಂಗಸರು ಗೋಡೆ ಮೇಲೆ ಗೀಟು ಎಳೆಯುತ್ತಿದ್ದರು. ಮನೆಯ ಕಾಳು, ನಾಲ್ಕು ಸೇರು ಹೆಚ್ಚುಕಮ್ಮಿ ಆದರೆ ಯಾರೂ ಕೇಳುತ್ತಿರಲಿಲ್ಲ. ಗೋದಾಮಿನಲ್ಲಿ ಹಾಗಲ್ಲ. ನೂರಕ್ಕೆ 14 ತೇವ ಇದ್ದ 100 ಕ್ವಿಂಟಾಲ್ ಕಾಳು ಒಣಗಿ 12ಕ್ಕೆ ಇಳಿದರೆ ಸುಮಾರು ಎರಡೂಕಾಲು ಕ್ವಿಂಟಾಲ್ ತೂಕ ಹೋಗುತ್ತೆ. ಯಾರೂ ಕದ್ದಿಲ್ಲ, ನೀರು ಆರಿದೆ ಅಷ್ಟೇ. ಇಡುವ ದಿನ ತೂಕದ ಜೊತೆ ತೇವವನ್ನೂ ಬರೆಸದಿದ್ದರೆ ಕಂಪ್ಯೂಟರು ಅದನ್ನು ಕೊರತೆ ಅಂತಲೇ ತೋರಿಸುತ್ತೆ. ರೈತನಿಗೂ ಗೋದಾಮಿನವನಿಗೂ ಸುಮ್ಮನೆ ಮನಸ್ತಾಪ.

ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಮಾರದೆ ಇಡುವವರಿಗೆ ಗೋದಾಮು ರಶೀದಿ ಉಪಯೋಗದ್ದು. 2007ರ ಉಗ್ರಾಣ ಕಾಯ್ದೆಯ ಪ್ರಕಾರ ನೋಂದಾಯಿತ ಗೋದಾಮು ಕೊಡುವ ರಶೀದಿ ತೋರಿಸಿ ಬ್ಯಾಂಕಿನಲ್ಲಿ ಸಾಲ ಕೇಳಬಹುದು. 2017ರಿಂದ ಅದು ಕಂಪ್ಯೂಟರಿನಲ್ಲೇ ಇರುವ ರಶೀದಿಯಾಗಿಯೂ ಬಂದಿದೆ. ಎಲ್ಲ ಗೋದಾಮಿಗೂ ಈ ನೋಂದಣಿ ಇರುವುದಿಲ್ಲ, ಚೀಲ ಇಳಿಸುವ ಮೊದಲೇ ವಿಚಾರಿಸಿ. ತೂಕ, ದರ್ಜೆ, ಬಾಡಿಗೆ, ಅವಧಿ ಮುಗಿಯುವ ತಾರೀಖು, ಈ ನಾಲ್ಕನ್ನೂ ಓದಿಸಿಕೊಂಡೇ ಗಾಡಿ ತಿರುಗಿಸಿ.