ಹೊರಗಿನ ಗಾಯ ಕಿರಿದು, ಒಳಗಿನ ಗಾಯ ಹಿರಿದು: ಗರ್ಭಕೋಶದ ಶಸ್ತ್ರಚಿಕಿತ್ಸೆಯ ನಂತರ ಮನೆಯ ಆರೈಕೆ
ಲ್ಯಾಪರೋಸ್ಕೋಪಿ ವಿಧಾನದಿಂದ ಗರ್ಭಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು 1988ರಲ್ಲಿ ಅಮೆರಿಕದ ವೈದ್ಯ ಹ್ಯಾರಿ ರೀಚ್ ಮೊದಲಿಗೆ ನೆರವೇರಿಸಿದರು. ಇಂದು ಅದು ನಮ್ಮ ತುಮಕೂರಿನಲ್ಲಿಯೂ ನಡೆಯುತ್ತಿದೆ. ಹೊಟ್ಟೆಯ ಮೇಲೆ ಮೂರು ನಾಲ್ಕು ಸಣ್ಣ ರಂಧ್ರಗಳ ಗುರುತು ಮಾತ್ರ ಉಳಿಯುತ್ತದೆ. ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಆದುದರಿಂದ ಮನೆಯವರು ಇದನ್ನು ಚಿಕ್ಕ ಆಪರೇಷನ್ ಎಂದೇ ಭಾವಿಸುತ್ತಾರೆ. ಕಳ್ಳಂಬೆಳ್ಳ, ಶಿರಾ, ಮಧುಗಿರಿಯ ಹಳ್ಳಿಗಳಲ್ಲಿ ಎರಡನೆಯ ವಾರಕ್ಕೇ ನೀರು ಹೊರುವ, ಕಡಲೆಕಾಯಿ ಕೀಳಲು ಬಗ್ಗುವ ತಾಯಂದಿರಿದ್ದಾರೆ.

ಇದು ಅಪಾಯಕರ. ಗರ್ಭಕೋಶವನ್ನು ಅದರ ಕೊರಳಿನೊಡನೆ ತೆಗೆದಾಗ ಯೋನಿಯ ಮೇಲ್ತುದಿಯನ್ನು ಹೊಲಿದು ಮುಚ್ಚಿರುತ್ತಾರೆ. ಆ ಹೊಲಿಗೆ ಗಟ್ಟಿಯಾಗಲು ವಾರಗಳೇ ಬೇಕು. ಹದಿನೈದು ಲೀಟರಿನ ತುಂಬಿದ ಬಿಂದಿಗೆಯ ಭಾರ ಹದಿನೈದು ಕಿಲೋಗೂ ಹೆಚ್ಚು. ಅದನ್ನೆತ್ತುವಾಗ ಉಂಟಾಗುವ ಒತ್ತಡ ನೇರವಾಗಿ ಆ ಹೊಲಿಗೆಯ ಮೇಲೆ ಬೀಳುತ್ತದೆ. ಅಪರೂಪಕ್ಕೆ ಹೊಲಿಗೆ ಬಿಚ್ಚಿಕೊಳ್ಳುವುದೂ ಉಂಟು. ಆದ್ದರಿಂದ ಆರು ವಾರಗಳ ಕಾಲ ನಾಲ್ಕೈದು ಕಿಲೋ ಮೀರಿದ ಭಾರವನ್ನು ಎತ್ತಬಾರದು. ದಾಂಪತ್ಯ ಸಂಪರ್ಕವನ್ನು ಕನಿಷ್ಠ ಆರರಿಂದ ಎಂಟು ವಾರ ನಿಲ್ಲಿಸಿ, ಶಸ್ತ್ರಚಿಕಿತ್ಸಕರು ಪರೀಕ್ಷಿಸಿ ಒಪ್ಪಿದ ನಂತರವೇ ಮುಂದುವರಿಸಬೇಕು.

ವಿಶ್ರಾಂತಿಯೆಂದರೆ ಮಲಗಿಯೇ ಇರುವುದಲ್ಲ. ಮೊದಲ ದಿನದಿಂದಲೇ ಮನೆಯೊಳಗೆ ಆಗಾಗ್ಗೆ ನಡೆದಾಡಬೇಕು. ಇದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ತಗ್ಗುತ್ತದೆ. ಹೊಟ್ಟೆಗೆ ತುಂಬಿದ್ದ ಇಂಗಾಲದ ಡೈ ಆಕ್ಸೈಡ್ ಅನಿಲದಿಂದ ಭುಜದಲ್ಲಿ ಕಾಣುವ ನೋವೂ ಎರಡು ಮೂರು ದಿನಗಳಲ್ಲಿ ಶಮನವಾಗುತ್ತದೆ. ಕೆಮ್ಮುವಾಗ ಹೊಟ್ಟೆಗೆ ದಿಂಬನ್ನು ಒತ್ತಿ ಹಿಡಿಯಿರಿ. ಪೂಜೆಗೆ ನೆಲದ ಮೇಲೆ ಕುಳಿತೇಳುವುದು ಕಷ್ಟವಾದರೆ ಕುರ್ಚಿಯನ್ನು ಬಳಸಿರಿ.

ಇದು ಬಾಣಂತನವಲ್ಲ. ನೀರನ್ನು ಅಳೆದು ಕೊಡುವುದು, ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟುವುದು, ಕೆಂಡದ ಕಾವು ಕೊಡುವುದು ಸಲ್ಲದು. ನೀರು ಕಡಿಮೆಯಾದರೆ ಮಲಬದ್ಧತೆಯಾಗುತ್ತದೆ. ಮುಕ್ಕುವುದೂ ಹೊಲಿಗೆಗೆ ಹಾನಿಯೇ. ಗಂಜಿ, ಹೆಸರುಬೇಳೆಯ ತೊವ್ವೆ, ಮಜ್ಜಿಗೆಗಳಿಂದ ಆರಂಭಿಸಿ, ಹಸಿವನ್ನು ನೋಡಿಕೊಂಡು ಮುದ್ದೆ, ಸೊಪ್ಪಿನ ಸಾರು, ಹಣ್ಣುಗಳನ್ನು ಕೊಡಿರಿ. ಗಾಯಕ್ಕೆ ಅರಿಶಿನ ಮೆತ್ತಬೇಡಿರಿ. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಶಸ್ತ್ರಚಿಕಿತ್ಸಕರ ಒಪ್ಪಿಗೆಯಿಲ್ಲದೆ ಈ ಅವಧಿಯಲ್ಲಿ ಕಷಾಯ, ಹರಳೆಣ್ಣೆ, ಬಸ್ತಿ, ಹೊಟ್ಟೆಯ ಅಭ್ಯಂಗ ಬೇಡ.

ಕೆಲವು ವಾರ ಸ್ವಲ್ಪ ಕಂದು ಸ್ರಾವ ಸಹಜ. ಆದರೆ ಗಂಟೆಯೊಳಗೆ ಪ್ಯಾಡ್ ತೊಯ್ಯುವಷ್ಟು ರಕ್ತ, ದುರ್ವಾಸನೆಯ ಅಥವಾ ನೀರಿನಂತಹ ಸ್ರಾವ, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ನಿಲ್ಲದ ವಾಂತಿ, ಮೂತ್ರ ಕಟ್ಟುವುದು, ಒಂದೇ ಕಾಲಿನ ಬಾವು, ಉಸಿರಾಟದ ತೊಂದರೆ, ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬಿಡುಗಡೆಯ ಚೀಟಿಯಲ್ಲಿ ಎರಡು ವಿಷಯಗಳನ್ನು ಕೇಳಿ ಬರೆಸಿಕೊಳ್ಳಿರಿ: ಅಂಡಾಶಯಗಳನ್ನು ಉಳಿಸಿದ್ದಾರೆಯೇ, ಗರ್ಭಕೊರಳನ್ನು ಉಳಿಸಿದ್ದಾರೆಯೇ? ಮುಟ್ಟು ನಿಲ್ಲದ ಸ್ತ್ರೀಯರಲ್ಲಿ ಎರಡೂ ಅಂಡಾಶಯಗಳನ್ನು ತೆಗೆದರೆ ಮುಟ್ಟು ನಿಂತವರ ಲಕ್ಷಣಗಳು ಒಮ್ಮೆಲೇ ಬರಬಹುದು. ಮೂಳೆಗಳ ರಕ್ಷಣೆಗೆ ಸಲಹೆ ಪಡೆಯಬೇಕು. ಕೊರಳು ಉಳಿದಿದ್ದರೆ ಅದರ ಕ್ಯಾನ್ಸರ್ ತಪಾಸಣೆ ಮುಂದುವರಿಯಬೇಕು. ಬಯಾಪ್ಸಿ ವರದಿಯನ್ನು ತಪ್ಪದೆ ತಂದು ವೈದ್ಯರಿಗೆ ತೋರಿಸಿರಿ.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 19ನೆಯ ಅಧ್ಯಾಯವು ಗಾಯಾಳುವಿನ ಮನೆ, ಹಾಸಿಗೆ, ಆಹಾರಗಳೊಂದಿಗೆ ಅವನ ಬಳಿಯಿದ್ದು ಹಿತವಾದ ಮಾತನಾಡುವ ಆಪ್ತರನ್ನೂ ಹೇಳುತ್ತದೆ. ಆರೈಕೆ ಮನೆಮಂದಿಯೆಲ್ಲರ ಕೆಲಸ. ಆರು ವಾರ ಬಿಂದಿಗೆಯನ್ನು ಪತಿಯೋ ಮಗನೋ ಹೊತ್ತರೆ, ಆ ತಾಯಿಗೆ ಅದಕ್ಕಿಂತ ಮಿಗಿಲಾದ ಔಷಧವಿಲ್ಲ.